ಹನ್ನೊಂದು ಕಿಸೆಗಳ ರಜೆ

ನಮ್ಮ ಭಾವನಿಗೆ ನಡುರಸ್ತೆಯಲ್ಲಿ ಮಂಡಿಯೂರಿ ಕುಳಿತು ನೆಲಕ್ಕೆ ಕಿವಿಗೊಡುವ ಅಭ್ಯಾಸವಿತ್ತು. ಈ ದೃಶ್ಯವನ್ನು ಮೊದಲ ಸಲ ಕಂಡವರು ಯಾರೋ ತಲೆಸುತ್ತಿ ಬಿದ್ದಿದ್ದಾರೆಂದು ಗಾಬರಿಯಿಂದ ಓಡಿಬರುತ್ತಿದ್ದರು. ಎರಡನೆಯ ಸಲ ಕಂಡವರು ಪಾಪ, ಮನೆಯಲ್ಲಿ ಏನೋ ತೊಂದರೆಯಿರಬೇಕು ಎಂದು ಮರುಗುತ್ತಿದ್ದರು. ಮೂರನೆಯ ಸಲದಿಂದ ಸೈಕಲ್ಲನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಮದುವೆಯಾದ ಮಾರನೆಯ ದಿನ ಹೊಸ ಅಂಗಿ, ಹೊಸ ಬೂಟು, ಹೊಸ ಹೆಂಡತಿ ಸಮೇತರಾಗಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ ಈ ಮಹಾನುಭಾವರು ಅರ್ಧ ದಾರಿಯಲ್ಲಿ ಅಕ್ಕನ ಕೈ ಬಿಟ್ಟು, ರಸ್ತೆಗೆ ಕೆನ್ನೆಯೊತ್ತಿ, ಕಣ್ಣುಮುಚ್ಚಿ, "ಇಲ್ಲಿ ಸೋರ್ತಿದೆ" ಎಂದರಂತೆ. ಅಕ್ಕ ಮುಕ್ಕಾಲು ಗಂಟೆ ಕೊಡೆ ಹಿಡಿದು ನಿಂತಳು. ನಾವು ಮನೆಯಲ್ಲಿ ಸಾರನ್ನು ಮೂರು ಸಲ ಬಿಸಿ ಮಾಡಿದೆವು.

ಅವರು ನಗರದ ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್‌ಮನ್ ಆಗಿದ್ದರು. ನೀರುಗಂಟಿ ಎಂಬ ಸೊಗಸಾದ ಮಾತು ನಮ್ಮಲ್ಲಿ ಇದ್ದರೂ ಸಂಬಳದ ಚೀಟಿಯಲ್ಲಿ ಬರೆದಿದ್ದದ್ದು ವಾಲ್ವ್‌ಮನ್ ಎಂದೇ. ಗುಡ್ಡದ ಮೇಲಿನ ಟ್ಯಾಂಕಿನಿಂದ ಇಳಿದುಬರುವ ನೀರನ್ನು ಬೀದಿಬೀದಿಗೆ ಹಂಚುವುದು ಅವರ ಉದ್ಯೋಗ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು, ರಸ್ತೆಯ ಮುಚ್ಚಳ ಎತ್ತಿ, ಕೆಳಗಿನ ವಾಲ್ವನ್ನು ಇಲ್ಲಿ ಎರಡು ಸುತ್ತು, ಅಲ್ಲಿ ಮುಕ್ಕಾಲು ಸುತ್ತು, ಮತ್ತೊಂದು ಕಡೆ ಬರಿಯ ಕಾಲು ಸುತ್ತು ತಿರುಗಿಸುತ್ತಾ ಹೋಗುವ ಈ ಕಾಯಕ ನೋಡುವುದಕ್ಕೆ ಸುಲಭ. ಆದರೆ ಎಲ್ಲವನ್ನೂ ಒಟ್ಟಿಗೆ ತೆರೆದುಬಿಟ್ಟರೆ ಟ್ಯಾಂಕಿನ ಹತ್ತಿರದ ಮನೆಗಳ ತೊಟ್ಟಿ ತುಂಬಿ ಅಂಗಳಕ್ಕೆ ಹರಿಯುತ್ತದೆ, ಬೀದಿಯ ತುದಿಯ ಮನೆಯ ನಲ್ಲಿಯಲ್ಲಿ ಬರೀ ಗಾಳಿ ಬುಸುಗುಟ್ಟುತ್ತದೆ. ಇತರರು ಟ್ಯಾಂಕಿನ ಕಡೆಯಿಂದ ಕೆಲಸ ಪ್ರಾರಂಭಿಸಿದರೆ ನಮ್ಮ ಭಾವ ಪ್ರಾರಂಭಿಸುತ್ತಿದ್ದದ್ದು ತುದಿಯಿಂದ. ಮೊದಲು ಕೊನೆಯ ಮನೆಯ ಮುಂದೆ ನಿಂತು "ಬಂತಾ?" ಎಂದು ಕೂಗುವರು. ಒಳಗಿನಿಂದ "ಬಂತು!" ಎಂಬ ದನಿ ಕೇಳಿಸಿದ ಮೇಲೆಯೇ ಒಂದೊಂದೇ ವಾಲ್ವನ್ನು ಹದಕ್ಕೆ ತರುತ್ತಾ ಹಿಂದಕ್ಕೆ ನಡೆದುಬರುವರು. ಕೆಲಸಕ್ಕೆ ಸೇರಿದ ದಿನದಿಂದ ಕೊನೆಯವರೆಗೂ ಅವರು ಹೀಗೆಯೇ ಹಿಮ್ಮುಖವಾಗಿ ಕೆಲಸ ಮಾಡಿದರು.

ಕಸುಬು ಮಾತಿಗೂ ಅಂಟಿಕೊಂಡಿತ್ತು. ಮಕ್ಕಳಿಗೆ ಊಟ ಬಡಿಸಿದರೆ "ಬಂತಾ?", ಅಕ್ಕನಿಗೆ ಜ್ವರ ಬಿಟ್ಟು ನಿದ್ದೆ ಹತ್ತಿದ ಮಾರನೆಯ ಬೆಳಿಗ್ಗೆ "ಬಂತಾ?", ನನ್ನ ಮೊದಲ ಲೇಖನ ಪತ್ರಿಕೆಯಲ್ಲಿ ಅಚ್ಚಾದ ದಿನವೂ ಬಾಗಿಲಲ್ಲಿ ನಿಂತು "ಬಂತಾ ಮೇಷ್ಟ್ರೇ?" ಎಂದವರು ಅದನ್ನು ಓದುವ ಗೋಜಿಗೇನೂ ಹೋಗಲಿಲ್ಲ. ಬಂದಿದೆ ಎಂದು ತಿಳಿದರೆ ಅವರಿಗೆ ಸಾಕಾಗಿತ್ತು. ಯಾರಾದರೂ ದನಿಯೇರಿಸಿ ಮಾತಾಡಿದರೆ ಅವರ ಬಲಗೈ ತಾನೇ ತಾನಾಗಿ ಗಾಳಿಯಲ್ಲಿ ಕಾಲು ಸುತ್ತು ತಿರುಗುತ್ತಿತ್ತು. ಎದುರಿನವರ ದನಿ ನಿಜವಾಗಿಯೂ ಇಳಿಯುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಅವರ ಕೋಟು. ಕಚೇರಿಯವರು ಯಾವುದೋ ಕಾಲದಲ್ಲಿ ಕೊಟ್ಟಿದ್ದ, ಖಾಕಿ ಬಣ್ಣದ, ಮೊಣಕಾಲ ತನಕ ಇಳಿಬಿದ್ದ ದಪ್ಪ ಬಟ್ಟೆಯ ಕೋಟು ಅದು. ಹೊರಗೆ ಎಂಟು ಕಿಸೆ, ಒಳಗೆ ಎರಡು, ಅಸ್ತರಿನ ಒಳಗೆ ಎದೆಗೆ ತಗುಲುವ ಹಾಗೆ ಇನ್ನೊಂದು, ಒಟ್ಟು ಹನ್ನೊಂದು. ವಾಷರು, ಸ್ಪ್ಯಾನರು, ಸೆಣಬಿನ ನೂಲು, ಬಳಪ, ಟಾರ್ಚು, ಅರ್ಧ ತಿಂದ ಬಿಸ್ಕತ್ತು, ಎಲ್ಲಕ್ಕೂ ಒಂದೊಂದು ವಾಸಸ್ಥಾನ. ಕತ್ತಲೆಯಲ್ಲಿಯೂ ಅವರ ಕೈ ಕಿಸೆ ತಪ್ಪುತ್ತಿರಲಿಲ್ಲ. ಬೇಸಿಗೆಯಲ್ಲಿಯೂ ಅದನ್ನು ಕಳಚದ ಅವರ ಹಟವನ್ನು ಅಕ್ಕ ಹದಿನೆಂಟು ವರ್ಷ ಬೈದು, ಕೊನೆಗೆ ತನಗೇ ಬೇಸರವಾಗಿ ಬಿಟ್ಟಿದ್ದಳು.

ಊರಿನ ಕೊನೆಯ ಮನೆಯನ್ನು ಇಷ್ಟು ಕಾಳಜಿಯಿಂದ ಕಾಯುತ್ತಿದ್ದ ಈ ಮನುಷ್ಯ ತನ್ನ ಮನೆಯ ಕಡೆ ಮಾತ್ರ ತಿರುಗಿ ನೋಡಿರಲಿಲ್ಲ. ಸಂಬಳ ಬಂದ ದಿನ ಅದನ್ನು ಅಡುಗೆಮನೆಯ ಬಿಸ್ಕತ್ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡರೆ ಮುಗಿಯಿತು. ಅಕ್ಕನ ಕೈ ದೊಡ್ಡದು. ಅದರಲ್ಲೂ ವರ್ಷಕ್ಕೊಮ್ಮೆ ಬರುವ ದೊಡ್ಡ ರಜೆ, ಅಂದರೆ ಶಾಲೆ, ಕಚೇರಿ, ಬ್ಯಾಂಕು ಎಲ್ಲವೂ ಹತ್ತು ದಿನ ಬಾಗಿಲು ಮುಚ್ಚುವ ಕಾಲ ಬಂತೆಂದರೆ ಅವಳ ಔದಾರ್ಯಕ್ಕೆ ಲಗಾಮಿರಲಿಲ್ಲ. ಮೊದಲ ದಿನ ಇಡೀ ಬೀದಿಗೆ ಸಿಹಿ, ಎರಡನೆಯ ದಿನ ಎಲ್ಲರಿಗೂ ಬಟ್ಟೆ, ಮೂರನೆಯ ದಿನ ಬಂದವರಿಗೆ ಬಂದಷ್ಟೂ ಊಟ. ಐದನೆಯ ದಿನಕ್ಕೆ ಡಬ್ಬಿಯ ತಳ ಕಾಣುತ್ತಿತ್ತು. ಉಳಿದ ಐದು ದಿನ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕಳೆಯುತ್ತಿದ್ದರು.

ಒಂದು ವರ್ಷ ಶಾಲೆಯವರು ರಜೆ ಮುಗಿದ ಮಾರನೆಯ ದಿನ ಮಕ್ಕಳನ್ನು ಸಮುದ್ರ ತೋರಿಸಲು ಕರೆದೊಯ್ಯುವವರಿದ್ದರು. ಅಕ್ಕನ ಮಗಳಿಗೆ ಆಗ ಹದಿನಾರು. ಒಬ್ಬಳೇ ಮಗಳು, ಅವಳ ಕೆಳಗೆ ಇಬ್ಬರು ಗಂಡುಮಕ್ಕಳು. ಅವಳು ಅದುವರೆಗೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಅಪ್ಪನ ಟ್ಯಾಂಕು. ಹಣ ಕಟ್ಟುವ ದಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಚಿಲ್ಲರೆ ಮಾತ್ರ ಇತ್ತು. ಆ ಹುಡುಗಿ ಅಳಲಿಲ್ಲ. "ನಂಗೇನೂ ಅಷ್ಟೊಂದು ಇಷ್ಟ ಇರ್ಲಿಲ್ಲ ಬಿಡಪ್ಪ" ಎಂದು ಹೇಳಿ, ಸಿದ್ಧ ಮಾಡಿಟ್ಟಿದ್ದ ಚೀಲದಿಂದ ಬಟ್ಟೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸಿದಳು. ಅಂದು ಸಂಜೆ ಭಾವ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತರು. ಕೊಟ್ಟ ಚಹಾ ತಣ್ಣಗಾಯಿತು.

"ಮೇಷ್ಟ್ರೇ, ಊರಿಗೆಲ್ಲ ನೀರು ಕೊಟ್ಟೆ. ನನ್ನ ಮನೇಲೇ ಕೊನೇ ಮನೆಗೆ ಗಾಳಿ ಬಂತು."

ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತ್ಯಂತ ದೀರ್ಘವಾದ ಭಾಷಣ ಅದು.

ಮರುವರ್ಷ ಅದಕ್ಕಿಂತ ದೊಡ್ಡ ವಿಷಯ ಬಂತು. ಮಗಳು ಶಾಲೆ ಮುಗಿಸಿ, ಭೂಮಾಪನ ಮತ್ತು ನಕ್ಷೆ ತಯಾರಿಸುವ ಎರಡು ವರ್ಷದ ತರಬೇತಿಗೆ ಪ್ರವೇಶ ಪರೀಕ್ಷೆ ಬರೆದು, ಇದ್ದ ಮೂವತ್ತು ಸೀಟುಗಳಲ್ಲಿ ಇಪ್ಪತ್ತೊಂಬತ್ತನೆಯದನ್ನು ಗಿಟ್ಟಿಸಿದ್ದಳು. ಯಾಕೆ ಈ ವಿದ್ಯೆಯೇ ಎಂದು ನಾನು ಕೇಳಿದ್ದಕ್ಕೆ, "ಈ ಊರಿನ ಪೈಪುಗಳ ನಕ್ಷೆ ಕಚೇರೀಲಿ ಇಲ್ಲ ಮಾವ, ಅಪ್ಪನ ತಲೇಲಿ ಮಾತ್ರ ಇದೆ. ಯಾರಾದ್ರೂ ಬರ್ಕೋಬೇಕಲ್ಲ" ಎಂದಿದ್ದಳು. ಶುಲ್ಕ ನೂರರ ನಲವತ್ತೆರಡು ನೋಟು. ಕಟ್ಟಬೇಕಾದದ್ದು ರಜೆ ಮುಗಿದ ಮೊದಲನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ. ಹನ್ನೊಂದಾಗಿ ಒಂದು ನಿಮಿಷವಾದರೆ ಸೀಟು ಮುಂದಿನವರಿಗೆ. ನಡುವೆ ಹತ್ತು ದಿನದ ದೊಡ್ಡ ರಜೆ ಬಾಯಿ ತೆರೆದುಕೊಂಡು ಕುಳಿತಿತ್ತು.

ಆ ಸಲ ಸಂಬಳವೂ ಬೋನಸ್ಸೂ ಬಿಸ್ಕತ್ ಡಬ್ಬಿಯ ಮುಖ ಕಾಣಲಿಲ್ಲ. ರಜೆಗೆ ಒಂದು ದಿನ ಮೊದಲು ಭಾವ ಕೋಟಿನ ಕಿಸೆಗಳಿಂದ ವಾಷರು, ನೂಲು, ಬಳಪಗಳನ್ನೆಲ್ಲ ಹೊರಗೆ ಸುರಿದು, ಜಮಖಾನದ ಮೇಲೆ ಕೋಟನ್ನು ಅಂಗಾತ ಮಲಗಿಸಿ, ಬಳಪದಿಂದ ಪ್ರತಿ ಕಿಸೆಯ ಮೇಲೂ ಒಂದು ಅಂಕೆ ಬರೆದರು. ಹತ್ತು ಕಿಸೆ ಹತ್ತು ದಿನಕ್ಕೆ. ಅಸ್ತರಿನೊಳಗಿನ ಹನ್ನೊಂದನೆಯದು ಶುಲ್ಕಕ್ಕೆ. ನಲವತ್ತೆರಡು ನೋಟುಗಳನ್ನು ಕಾಗದದಲ್ಲಿ ಸುತ್ತಿ ಮೊದಲು ಅದರಲ್ಲಿಟ್ಟು, ಬಾಯಿಯನ್ನು ದಪ್ಪ ದಾರದಿಂದ ತಾವೇ ಹೊಲಿದರು. ಆಮೇಲೆ ಹತ್ತನೆಯ ದಿನ, ಆಮೇಲೆ ಒಂಬತ್ತು, ಎಂಟು, ಹೀಗೆ ಹಿಂದಕ್ಕೆ ಬರುತ್ತಾ ಬರುತ್ತಾ ಒಂದನೆಯ ದಿನದ ಕಿಸೆಗೆ ಬಂದಾಗ ಕೈಯಲ್ಲಿ ಉಳಿದಿದ್ದದ್ದು ನಾಲ್ಕು ಚಿಲ್ಲರೆ ನಾಣ್ಯ. ಈ ಹತ್ತು ಕಿಸೆಗೂ ಪಿನ್ನು ಹಾಕಿ ಕೋಟನ್ನು ನಡುಮನೆಯ ಗೂಟಕ್ಕೆ ನೇತುಹಾಕಿದರು.

ಅಕ್ಕ ಕೆಂಡವಾದಳು. "ಮೊದಲನೇ ದಿನಾನೇ ಹಿಂಗಾದ್ರೆ ಮರ್ಯಾದೆ ಉಳಿಯುತ್ತೇನ್ರೀ?"

"ಮೊದಲನೇ ಮನೆಗೆ ನೀರು ತಾನಾಗೇ ಬರುತ್ತೆ ಕಣೇ. ಅದಕ್ಕೆ ವಾಲ್ವ್‌ಮನ್ ಬೇಕಾಗಿಲ್ಲ."

ಅವರ ತರ್ಕ ನನಗೆ ನಿಧಾನವಾಗಿ ಹೊಳೆಯಿತು. ರಜೆಯ ಮೊದಲನೆಯ ದಿನ ಮನೆಯಲ್ಲಿ ಉತ್ಸಾಹವೇ ಉಕ್ಕುತ್ತಿರುತ್ತದೆ. ಮಕ್ಕಳಿಗೆ ಒಂದು ಹಗ್ಗ ಕೊಟ್ಟರೂ ಸಂಜೆಯ ತನಕ ಆಡುತ್ತವೆ, ಡಬ್ಬಗಳಲ್ಲಿ ಸಾಮಾನು ತುಂಬಿರುತ್ತದೆ, ಬಂದವರಿಗೆ ಮಾತೇ ಸಾಕು. ಏಳನೆಯ ದಿನಕ್ಕೆ ಎಲ್ಲರಿಗೂ ಎಲ್ಲರೂ ಸಾಕಾಗಿ, ಮಕ್ಕಳು ಕಿತ್ತಾಡಿ, ದೊಡ್ಡವರ ಮೂಗಿನ ತುದಿಗೆ ಸಿಟ್ಟು ಬಂದಿರುತ್ತದೆ. ಅದಕ್ಕೇ ಭಾವ ಏಳನೆಯ ಕಿಸೆಯನ್ನು ಎಲ್ಲಕ್ಕಿಂತ ದಪ್ಪ ಮಾಡಿದ್ದರು. ನಿಯಮ ಒಂದೇ. ಇವತ್ತು ಉಳಿದದ್ದು ನಾಳೆಯ ಕಿಸೆಗೆ ಇಳಿಯಬಹುದು, ನಾಳೆಯದು ಇವತ್ತಿಗೆ ಹತ್ತಿಬರುವಂತಿಲ್ಲ.

ನಾನು ನಕ್ಕೆ. ನನ್ನ ಸಂಬಳ ಹದಿನೈದನೆಯ ತಾರೀಖಿನ ಮುಖ ನೋಡಿದ್ದು ಅಪರೂಪ. ಅಂಥವನಿಗೆ ಪರರ ಮಿತವ್ಯಯ ಹಾಸ್ಯವಾಗಿ ಕಾಣುವುದು ಸಹಜ. "ಐದನೇ ದಿನ ದಾಟಲ್ಲ ಭಾವ, ಬೇಕಾದ್ರೆ ಬಾಜಿ" ಎಂದೆ.

"ಸೋತ್ರೆ ಏನು ಕೊಡ್ತೀರಿ?"

"ನಿಮ್ಮ ಮೇಲೆ ಒಂದು ಲೇಖನ ಬರೀತೀನಿ."

ಅವರು ಸ್ವಲ್ಪ ಯೋಚಿಸಿ, "ಶಿಕ್ಷೆ ಯಾರಿಗೆ, ನಿಮಗೋ ನನಗೋ?" ಎಂದರು.

ರಜೆಯ ಮೊದಲ ದಿನವೇ ಭಾವನ ಅಣ್ಣ ಹೆಂಡತಿಯೊಡನೆ ಬಂದಿಳಿದರು. ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಡಿಸ್ಕೌಂಟ್ ದೊಡ್ಡಪ್ಪ. ಪ್ರೀತಿಯ ಮನುಷ್ಯ, ಹಾಡುಗಾರ, ನಗಿಸುವವರು. ಆದರೆ ಅಂಗಡಿಯ ಬಾಗಿಲಲ್ಲಿ 'ರಿಯಾಯಿತಿ' ಎಂಬ ಬೋರ್ಡು ಕಂಡರೆ ಅವರ ಕಾಲು ತಾನಾಗಿ ಒಳಗೆ ಹೋಗುತ್ತಿತ್ತು. ಮನೆಯಲ್ಲಿ ಒಂದು ಛತ್ರಿಗೆ ಗತಿಯಿಲ್ಲದಿದ್ದಾಗ ಅವರು ಎರಡು ಕೊಂಡರೆ ಒಂದು ಉಚಿತವೆಂದು ಮೂರು ಮೀನು ಹಿಡಿಯುವ ಗಾಳ ತಂದಿದ್ದರಂತೆ. ಊರಿನಲ್ಲಿ ಕೆರೆಯೂ ಇರಲಿಲ್ಲ. ಮೂರನೆಯ ದಿನ ಅವರು ಪೇಟೆಯಿಂದ ಏದುಸಿರು ಬಿಡುತ್ತಾ ಬಂದು, ಸೋಫಾ ಅರ್ಧ ಬೆಲೆಗೆ ಮಾರುತ್ತಿದ್ದಾರೆ, ಇವತ್ತೇ ಕೊನೆ, ಇಬ್ಬರೂ ಸೇರಿ ಎರಡು ತೆಗೆದುಕೊಂಡರೆ ಜೊತೆಗೊಂದು ಕುರ್ಚಿ ಪುಕ್ಕಟೆ ಎಂದರು. ಭಾವ ಎದ್ದು ಗೂಟದ ಹತ್ತಿರ ಹೋದರು. ಮೂರನೆಯ ಕಿಸೆಯ ಪಿನ್ನು ತೆಗೆದು ಒಳಗಿದ್ದದ್ದನ್ನು ಅಂಗೈ ಮೇಲೆ ಹಾಕಿಕೊಂಡು ತೋರಿಸಿದರು. ಎಲ್ಲರಿಗೂ ಒಂದೊಂದು ಸಲ ಚಹಾ ಆಗುವಷ್ಟಿತ್ತು.

"ಒಳಗೆ ಇನ್ನೊಂದು ಕಿಸೆ ಇದೆಯಲ್ಲೋ, ಹೊಟ್ಟೆ ಊದ್ಕೊಂಡಿದೆ?"

"ಅದು ಕೊನೇ ಮನೆ ಅಣ್ಣ."

ಅಣ್ಣ ಇನ್ನೂ ವಾದಿಸುವವರಿದ್ದರು. ತಮ್ಮನ ಕೈ ಗಾಳಿಯಲ್ಲಿ ಕಾಲು ಸುತ್ತು ತಿರುಗಿತು. ಅಣ್ಣ ಸುಮ್ಮನಾಗಿ, ಒಬ್ಬರೇ ಪೇಟೆಗೆ ಹೋಗಿ, ಸೋಫಾದ ದುಃಖ ಮರೆಯಲು ಎರಡಕ್ಕೆ ಒಂದು ಉಚಿತದ ಲೆಕ್ಕದಲ್ಲಿ ಮೂರು ಕಡುಗೆಂಪು ಹೊದಿಕೆ ತಂದು ಅಕ್ಕನಿಗೆ ಉಡುಗೊರೆ ಕೊಟ್ಟರು.

ಆ ಕೆಂಪು ಹೊದಿಕೆಯೇ ಅನಾಹುತಕ್ಕೆ ಮೂಲವಾಯಿತು. ಅಷ್ಟು ಹೊತ್ತಿಗೆ ಅಕ್ಕನಿಗೂ ಕೋಟಿನ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತ್ತು. ನಾಲ್ಕು ದಿನ ಕಳೆದರೂ ಮನೆಯಲ್ಲಿ ಒಂದು ಜಗಳವಾಗಿರಲಿಲ್ಲ. ಐದನೆಯ ದಿನ ಬೆಳಿಗ್ಗೆ, ಎಂದಿನಂತೆ ಭಾವ ಕೆಲಸಕ್ಕೆ ಹೋಗಿದ್ದಾಗ, ಏಕೆಂದರೆ ನೀರಿಗೆ ರಜೆಯಿಲ್ಲ, ಅವಳು ಆ ಕೋಟಿನ ಕಾಲರಿನ ಮೇಲಿನ ಕೊಳೆಯನ್ನು ನೋಡಿದಳು. ಮನೆಯ ಲಕ್ಷ್ಮಿಯನ್ನೆಲ್ಲ ಹೊತ್ತು ನಿಂತಿರುವ ಬಟ್ಟೆ ಹೀಗೆ ಮಾಸಿರಬಾರದು ಅನಿಸಿತು. ಐದರಿಂದ ಹತ್ತರವರೆಗಿನ ಕಿಸೆಗಳನ್ನು ಜಾಗರೂಕತೆಯಿಂದ ಬರಿದು ಮಾಡಿ, ಹಣವನ್ನು ಅಂಕೆ ಪ್ರಕಾರ ಕಪಾಟಿನಲ್ಲಿ ಸಾಲಾಗಿಟ್ಟಳು. ಅಸ್ತರಿನೊಳಗಿನ ಕಿಸೆಗೆ ಪಿನ್ನಿರಲಿಲ್ಲ, ಹೊಲಿಗೆಯಿತ್ತು. ಪಿನ್ನುಗಳನ್ನು ಎಣಿಸಿ ತೆಗೆದವಳಿಗೆ ಅದು ನೆನಪಾಗಲಿಲ್ಲ. ಕೋಟನ್ನೂ ಮೂರು ಹೊಸ ಹೊದಿಕೆಗಳನ್ನೂ ಒಂದೇ ಟಬ್ಬಿನಲ್ಲಿ ಬಿಸಿ ನೀರು, ಸೋಪಿನ ಪುಡಿ ಹಾಕಿ ನೆನೆಸಿಟ್ಟಳು.

ನಾನು ಮಧ್ಯಾಹ್ನ ಊಟಕ್ಕೆಂದು ಹೋದಾಗ ಹಿತ್ತಲಿನ ಹಗ್ಗದ ಮೇಲೆ ನಲವತ್ತೆರಡು ನೋಟುಗಳು ಬಟ್ಟೆಯ ಕ್ಲಿಪ್ಪಿನಲ್ಲಿ ಜೋತಾಡುತ್ತಿದ್ದವು. ಕಾಗದದ ಸುರುಳಿಯ ನಡುವೆ ಇದ್ದ ಹದಿನೈದು ಒದ್ದೆಯಾಗಿದ್ದವೇ ಹೊರತು ಬಣ್ಣ ಕೆಟ್ಟಿರಲಿಲ್ಲ. ಹೊರಸುತ್ತಿನ ಇಪ್ಪತ್ತೇಳು ನೋಟುಗಳು ನಾಚಿದಂತೆ ಗುಲಾಬಿಯಾಗಿದ್ದವು. ಕೆಳಗೆ ಗಂಡುಮಕ್ಕಳಿಬ್ಬರು ಕೋಲು ಹಿಡಿದು ಕಾಗೆ ಕಾಯುತ್ತಿದ್ದರು, ಅಕ್ಕಪಕ್ಕದವರು ಗೋಡೆಯ ಮೇಲೆ ಗದ್ದವಿಟ್ಟು ನಮ್ಮ ಐಶ್ವರ್ಯವನ್ನು ವೀಕ್ಷಿಸುತ್ತಿದ್ದರು, ಅಕ್ಕ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಬಾಜಿ ಗೆದ್ದೆನೆಂಬ ಯೋಚನೆ ನನ್ನ ತಲೆಯಲ್ಲಿ ಸುಳಿಯಲಿಲ್ಲ ಎಂದರೆ ಸುಳ್ಳಾದೀತು. ಸುಳಿದದ್ದಕ್ಕೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ.

ತರಬೇತಿ ಸಂಸ್ಥೆಯ ಕೌಂಟರಿನ ಮೇಲೆ, ಹರಿದ ಅಥವಾ ಬಣ್ಣ ತಗುಲಿದ ನೋಟು ಸ್ವೀಕರಿಸಲಾಗುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅರ್ಜಿ ಕೊಡಲು ಹೋದಾಗ ನಾನೇ ಓದಿದ್ದೆ. ನೋಟು ಬದಲಿಸಿಕೊಡಬೇಕಾದ ಬ್ಯಾಂಕು ತೆರೆಯುವುದು ಅದೇ ಹನ್ನೊಂದನೆಯ ದಿನ. ರಜೆ ಮುಗಿದ ದಿನದ ಅಲ್ಲಿನ ಸಾಲು ಮಧ್ಯಾಹ್ನದವರೆಗೂ ಕರಗುವಂಥದ್ದಲ್ಲ.

ಭಾವ ಬಂದರು. ಹಗ್ಗ ನೋಡಿದರು. ಆಗ ಮಗಳು ಒಳಗಿನಿಂದ ಬಂದು, ಕಳೆದ ವರ್ಷದ ಅದೇ ಮೆಲುದನಿಯಲ್ಲಿ, "ಅಮ್ಮನ್ನ ಬೈಬೇಡಪ್ಪ. ನಂಗೇನೂ ಅಷ್ಟೊಂದು..." ಎಂದು ಶುರುಮಾಡಿದಳು.

"ಆ ಮಾತು ಇನ್ನೊಂದ್ಸಲ ಆಡ್ಬೇಡ!"

ಅವರು ಗದರಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಪಕ್ಕದ ಮನೆಯವರ ಗದ್ದಗಳು ಗೋಡೆಯಿಂದ ಮಾಯವಾದವು. ಸ್ವಲ್ಪ ಹೊತ್ತು ಅವರು ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅನಂತರ ಅಕ್ಕನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತು, "ಪೈಪ್ ಒಡೆದಿದೆ ಅಷ್ಟೆ. ನೀರು ಎಲ್ಲೂ ಹೋಗಿಲ್ಲ. ಕಪಾಟಲ್ಲಿ ಎಷ್ಟಿದೆ ನೋಡು" ಎಂದರು.

ಕಪಾಟಿನಲ್ಲಿ ಉಳಿದ ದಿನಗಳಿಗೆಂದು ನೂರರ ಇಪ್ಪತ್ತೊಂಬತ್ತು ನೋಟುಗಳಿದ್ದವು, ಎಲ್ಲವೂ ಶುಭ್ರ. ಅದರಲ್ಲಿ ಇಪ್ಪತ್ತೇಳನ್ನು ಎಣಿಸಿ, ಒಣಗಿದ ಹದಿನೈದರ ಜೊತೆ ಸೇರಿಸಿ, ನಲವತ್ತೆರಡು ಮಾಡಿ, ಮತ್ತೆ ಅಸ್ತರಿನ ಕಿಸೆಗೆ ಹಾಕಿ, ಈ ಸಲ ಅಕ್ಕನ ಕೈಯಿಂದಲೇ ಹೊಲಿಸಿದರು. ಕೊನೆಯ ಮನೆಗೆ ನೀರು ಮತ್ತೆ ಮುಟ್ಟಿತು. ಸಂಸಾರದ ಮುಂದಿನ ದಿನಗಳಿಗೆ ಉಳಿದದ್ದು ಎರಡು ಶುಭ್ರ ನೋಟು ಮತ್ತು ಇಪ್ಪತ್ತೇಳು ಗುಲಾಬಿ ನೋಟು.

"ಇದನ್ನ ಯಾರು ತಗೋತಾರೋ?" ಎಂದು ಡಿಸ್ಕೌಂಟ್ ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತರು. ತಮ್ಮ ಹೊದಿಕೆಯ ಪ್ರತಾಪ ಕಂಡು ಅವರು ನಿಜವಾಗಿಯೂ ಕುಗ್ಗಿಹೋಗಿದ್ದರು. ಭಾವ ಅಣ್ಣನಿಗೆ ಒಂದು ಕಟುವಾದ ಮಾತೂ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನೂ ಅವರ ಜೊತೆ ಹೊರಟೆ. ಅವರು ಪೇಟೆಯ ಕಡೆ ಹೋಗದೆ, ಊರಿನ ಅತ್ಯಂತ ಏರುಬೀದಿಯ ತುತ್ತತುದಿಗೆ, ಒಬ್ಬ ಮುದುಕಿಯ ಪುಟ್ಟ ಕಿರಾಣಿ ಅಂಗಡಿಗೆ ಹೋದರು. ಇಪ್ಪತ್ತೆರಡು ವರ್ಷದಿಂದ ಪ್ರತಿ ಬೆಳಿಗ್ಗೆ ಅವರು "ಬಂತಾ?" ಎಂದು ಮೊದಲು ಕೂಗುತ್ತಿದ್ದದ್ದು ಆ ಬಾಗಿಲಲ್ಲೇ. ಸಕ್ಕರೆ, ಎಣ್ಣೆ, ಬೇಳೆ ಕಟ್ಟಿಸಿಕೊಂಡು, ಗುಲಾಬಿ ನೋಟನ್ನು ಮುಂದಿಟ್ಟು, ಮುಚ್ಚುಮರೆಯಿಲ್ಲದೆ ನಡೆದದ್ದನ್ನೆಲ್ಲ ಹೇಳಿ, "ರಜೆ ಮುಗಿದ ಮೇಲೆ ಬ್ಯಾಂಕಲ್ಲಿ ಬದಲಾಯಿಸ್ಕೊಡ್ತಾರೆ ಅಜ್ಜಿ. ಸಾಲಲ್ಲಿ ನಿಲ್ಲೋಕಾಗದಿದ್ರೆ ನನಗೇ ವಾಪಸ್ ಕೊಡಿ, ನಾನೇ ನಿಂತು ತಂದ್ಕೊಡ್ತೀನಿ. ಈಗ ಒದ್ದೆಯಾಗಿ ಹಿಂಗಾಗಿದೆ" ಎಂದರು.

ಅಜ್ಜಿ ನೋಟನ್ನು ತಿರುಗಿಸಿಯೂ ನೋಡಲಿಲ್ಲ. ಡ್ರಾಯರಿಗೆ ಹಾಕಿ, "ಒದ್ದೆಯಾದ್ರೆ ಏನಂತೆ? ನಿನ್ನ ಕೈ ಯಾವತ್ತಪ್ಪ ಒಣಗಿತ್ತು?" ಎಂದಳು.

ಭಾವ ತಮ್ಮ ಕೈಯನ್ನೊಮ್ಮೆ ನೋಡಿಕೊಂಡು ಚಿಲ್ಲರೆ ಎಣಿಸಿ ತೆಗೆದುಕೊಂಡರು.

ಸಂಜೆಯೊಳಗೆ ಸುದ್ದಿ ಬೀದಿಗಳನ್ನು ದಾಟಿತ್ತು. ಹಾಲಿನವನು ಗುಲಾಬಿ ನೋಟು ತೆಗೆದುಕೊಂಡ, ತರಕಾರಿಯವಳು ತೆಗೆದುಕೊಂಡಳು, ಕ್ಷೌರದಂಗಡಿಯವನು ತಾನಾಗಿ ಕೇಳಿ ಒಂದನ್ನು ಇಸಿದುಕೊಂಡು ಕನ್ನಡಿಗೆ ಸಿಕ್ಕಿಸಿಕೊಂಡ. ಏಳನೆಯ ದಿನ, ಅಂದರೆ ಎಲ್ಲರ ಮೂಗಿನ ತುದಿಗೆ ಸಿಟ್ಟು ಬರಬೇಕಾಗಿದ್ದ ದಿನ, ಆ ದಪ್ಪ ಕಿಸೆ ಇಡೀ ಸಂಸಾರವನ್ನು ಸಿನಿಮಾಕ್ಕೆ ಕರೆದೊಯ್ದಿತು. ಟಿಕೆಟಿನ ಕಿಂಡಿಯಲ್ಲಿದ್ದವನು ಹೊಸಬ. ನೋಟನ್ನು ಬೆಳಕಿಗೆ ಹಿಡಿದು ತಲೆಯಾಡಿಸಿ ಹಿಂದಕ್ಕೆ ತಳ್ಳಿದ. ನಮ್ಮ ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ, ನೀರಿನವರು ಕಣ್ರೀ, ಕೊಡ್ರೀ" ಎಂದರು. ಇನ್ನೊಬ್ಬರು, "ಅದನ್ನ ಇಲ್ಲಿ ಕೊಡಿ, ನಂದು ತಗೊಳ್ಳಿ" ಎಂದು ತಮ್ಮ ನೋಟನ್ನು ಮುಂದೆ ಚಾಚಿದರು. ಮತ್ತೊಬ್ಬರೂ ಚಾಚಿದರು. ಕಿಂಡಿಯವನು ಗಾಬರಿಯಾಗಿ ಒಂಬತ್ತು ಟಿಕೆಟು ಹರಿದುಕೊಟ್ಟ. ನಾವಿದ್ದದ್ದು ಎಂಟೇ ಜನ. ಹೆಚ್ಚಿನ ಟಿಕೆಟನ್ನು ಭಾವ ಒಳಗಿನಿಂದ ಎದ್ದುಬಂದು ವಾಪಸು ಕೊಟ್ಟುಹೋದರು. ಆ ಸಿನಿಮಾದ ಕಥೆ ನನಗೆ ಒಂದಿಷ್ಟೂ ನೆನಪಿಲ್ಲ. ಮಧ್ಯಂತರದಲ್ಲಿ ಅಕ್ಕ ಭುಜ ಕುಲುಕಿಸಿ ನಕ್ಕದ್ದು ನೆನಪಿದೆ.

ಒಂಬತ್ತನೆಯ ದಿನ ಡಿಸ್ಕೌಂಟ್ ದೊಡ್ಡಪ್ಪ ಬೆಳಗಿನಿಂದ ಕೋಟಿನ ಸುತ್ತ ಸುಳಿಯುತ್ತಿದ್ದರು. ಊರಿಗೆ ಹೊರಡಬೇಕು, ಕೈಯಲ್ಲಿ ಎರಡು ಟಾರ್ಚು, ಒಂದು ಉಚಿತ ಟಾರ್ಚು ಬಿಟ್ಟರೆ ಏನೂ ಉಳಿದಿಲ್ಲ. ಕೊನೆಗೆ ತಮ್ಮನ ಕಿವಿಯ ಹತ್ತಿರ ಹೋಗಿ ಏನೋ ಗೊಣಗಿದರು. ಭಾವ ಒಂಬತ್ತನೆಯ ಕಿಸೆಯ ಪಿನ್ನು ಬಿಚ್ಚಿದರು. ಒಳಗೆ ಮಡಿಸಿಟ್ಟ ಚೀಟಿಯೊಂದಿತ್ತು. ರಜೆಗೆ ಮೊದಲೇ ಬರೆದಿಟ್ಟದ್ದು, ಬಟ್ಟೆ ಒಗೆದ ದಿನ ಕಪಾಟಿಗೆ ಹೋಗಿ ಮರಳಿ ಬಂದದ್ದು. 'ಅಣ್ಣ ಅತ್ತಿಗೆ ಬಸ್ ಚಾರ್ಜು' ಎಂದು ಅದರಲ್ಲಿತ್ತು. ಚೀಟಿಯೊಡನೆ ಇದ್ದದ್ದು ಆ ಎರಡು ಶುಭ್ರ ನೋಟುಗಳು. "ಪರವೂರಿನ ಕಂಡಕ್ಟರ್ರಿಗೆ ನಾನ್ಯಾರು ಅಂತ ಗೊತ್ತಿರಲ್ಲ ಅಣ್ಣ, ಇದನ್ನ ಇಟ್ಕೊಳ್ಳಿ" ಎಂದರು.

ಅಣ್ಣ ಚೀಟಿಯನ್ನು ಎರಡು ಸಲ ಓದಿದರು. "ನಾನು ಖಾಲಿಯಾಗ್ತೀನಿ ಅಂತ ಮೊದ್ಲೇ ಗೊತ್ತಿತ್ತೇನೋ?"

"ನೀವು ಟ್ಯಾಂಕಿನ ಹತ್ತಿರದ ಮನೆ ಅಣ್ಣ."

ದೊಡ್ಡಪ್ಪ ಮೊದಲು ಮುಖ ಸಿಂಡರಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮನನ್ನು ತಬ್ಬಿಕೊಂಡರು. ಉಚಿತ ಟಾರ್ಚನ್ನು ಗೂಟದ ಕೋಟಿನ ಎರಡನೆಯ ಕಿಸೆಯಲ್ಲಿ ಬಿಟ್ಟುಹೋದರು.

ಹನ್ನೊಂದನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಾವು ಮೂವರು ಕೌಂಟರಿನ ಮುಂದಿದ್ದೆವು. ಒಗೆದು, ಇಸ್ತ್ರಿ ಮಾಡಿದ ಕೋಟನ್ನು ಭಾವ ಮೈಮೇಲೆ ಧರಿಸಿದ್ದರು. ಅದರ ಅಂಚಿನುದ್ದಕ್ಕೂ ಒಂದು ಗುಲಾಬಿ ಛಾಯೆ ಶಾಶ್ವತವಾಗಿ ಉಳಿದುಬಿಟ್ಟಿತ್ತು. ನಮ್ಮ ಸರದಿ ಬಂದಾಗ ಅವರು ಮಗಳ ಕೈಗೆ ಕತ್ತರಿ ಕೊಟ್ಟು ಎದೆ ಮುಂದೊಡ್ಡಿ ನಿಂತರು. ಅವಳು ತಾಯಿಯ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಈ ಶಸ್ತ್ರಚಿಕಿತ್ಸೆಯನ್ನು ನೋಡಿದ. ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದ, ಎಣಿಸಿದ, ಮತ್ತೆ ಎಣಿಸಿದ, ಮೂಸಿ ನೋಡಿದ.

"ಇದೇನ್ರೀ, ಸೋಪಿನ ವಾಸನೆ?"

"ಒಗೆದು ಕೊಟ್ಟಿದೀನಿ ಸ್ವಾಮಿ."

ಮೊಹರು ಬಿತ್ತು. ರಸೀದಿ ಕಿಂಡಿಯಿಂದ ಈಚೆ ಬಂತು. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗಿನ ಮೆಟ್ಟಿಲವರೆಗೂ ನಡೆದಳು. ಅಲ್ಲಿ ಭಾವ ನಿಂತರು. ಅವರ ಮುಖದಲ್ಲಿ ಆಗ ಇದ್ದ ಬೆಳಕನ್ನು ನಾನು ಬೇರೆ ಯಾರ ಮುಖದಲ್ಲಿಯೂ ಕಂಡಿಲ್ಲ. ಬೀದಿಯ ತುದಿಯಲ್ಲಿ ನಿಂತು ಕೂಗುವ ಅದೇ ದನಿಯಲ್ಲಿ, ಹತ್ತು ಹೆಜ್ಜೆ ಆಚೆ ನಿಂತವರೆಲ್ಲ ತಿರುಗಿ ನೋಡುವ ಹಾಗೆ, ಅವರು ಕೇಳಿದರು:

"ಬಂತಾ?"

"ಬಂತಪ್ಪ" ಎಂದಳು ಮಗಳು. "ಜೋರಾಗಿ ಬಂತು."

ನಾನು ಸೋತಿದ್ದೆ. ಜೀವನದಲ್ಲಿ ಯಾವ ಗೆಲುವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಆ ಬಾಜಿಯ ಬಾಕಿಯನ್ನು ಇಷ್ಟು ವರ್ಷಗಳ ಮೇಲೆ ತೀರಿಸುತ್ತಿರುವುದಕ್ಕೆ ಕಾರಣ, ಮೊನ್ನೆ ನೀರು ಸರಬರಾಜು ಕಚೇರಿಯ ಗೋಡೆಯ ಮೇಲೆ ಕಂಡ ಒಂದು ನಕ್ಷೆ. ಊರಿನ ಪ್ರತಿಯೊಂದು ಪೈಪು, ಪ್ರತಿಯೊಂದು ವಾಲ್ವು, ಅದರ ಸುತ್ತುಗಳ ಲೆಕ್ಕ ಸಮೇತ ಅದರಲ್ಲಿದೆ. ಕೆಳಗೆ ಮೂಲೆಯಲ್ಲಿ ಮಗಳ ಸಹಿ. ನಕ್ಷೆಗಳಲ್ಲಿ ಮನೆಗಳ ಎಣಿಕೆ ಟ್ಯಾಂಕಿನಿಂದ ಪ್ರಾರಂಭವಾಗುವುದು ರೂಢಿಯಂತೆ. ಇದರಲ್ಲಿ ಒಂದನೆಯ ನಂಬರು ಏರುಬೀದಿಯ ತುದಿಯ ಕಿರಾಣಿ ಅಂಗಡಿಗೆ ಬಿದ್ದಿದೆ. ಹೊಸ ಎಂಜಿನಿಯರು ಇದು ತಪ್ಪಲ್ಲವೇ ಎಂದು ಕೇಳಿದ್ದಕ್ಕೆ, ನಮ್ಮ ಮನೆಯಲ್ಲಿ ಹೀಗೆಯೇ ಎಣಿಸುವುದು ಎಂದಳಂತೆ.

ಕೈಬಿಗಿಯ ಜನರನ್ನು ನಾವು ಎರಡು ಬಗೆಯಾಗಿ ವಿಂಗಡಿಸುವುದೇ ಇಲ್ಲ. ಎಲ್ಲರನ್ನೂ ಜಿಪುಣರೆಂಬ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ತನಗಾಗಿ ಮುಚ್ಚುವವನ ಮುಷ್ಟಿ ಬೇರೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ಕೊಡ ಹಿಡಿದು ನಿಂತವರ ನೆನಪಿನಿಂದ ಕಾಲು ಸುತ್ತು ಬಿಗಿ ಮಾಡುವವನ ಮುಷ್ಟಿ ಬೇರೆ. ಇಂಥವರು ಸಂತೋಷದ ವೈರಿಗಳಲ್ಲ. ಸಂತೋಷ ಮೊದಲ ಅಂಗಳದಲ್ಲೇ ಹರಿದು ಪೋಲಾಗುವುದನ್ನು ಅವರು ಸಹಿಸಲಾರರು, ಅಷ್ಟೆ. ನಾವು ನೆನಪಿಟ್ಟುಕೊಳ್ಳುವುದು ಮೊದಲ ದಿನದ ಸಡಗರವನ್ನು ಸುರಿದುಕೊಟ್ಟವರನ್ನು; ಕೊನೆಯ ದಿನದ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿಯೂ ನೀರು ಬಂದದ್ದು ಯಾರಿಂದ ಎಂದು ವಿಚಾರಿಸುವ ವ್ಯವಧಾನ ನಮಗಿರುವುದಿಲ್ಲ. ಅವರಿಗೂ ಅದರ ಅಪೇಕ್ಷೆಯಿಲ್ಲ. ಒಳಗಿನಿಂದ "ಬಂತು" ಎಂಬ ಒಂದು ದನಿ ಕೇಳಿದರೆ, ಕೀಲಿಯನ್ನು ಹೆಗಲಿಗೇರಿಸಿಕೊಂಡು ಮುಂದಿನ ಬೀದಿಗೆ ನಡೆಯುತ್ತಾರೆ.